ಕುಂಚಾವರಂ ಏರಿನಲ್ಲಿ ಉಸಿರು ಕಟ್ಟಿದ ಗಾಡಿ

ಕಳೆದ ವರ್ಷ ದಸರೆ ರಜೆ ಮುಗಿದ ಮೇಲೆ, ಜಿಲ್ಲಾ ಮಟ್ಟದ ಕಬಡ್ಡಿ ಪಂದ್ಯಕ್ಕೆ ನಮ್ಮ ಶಾಲೆಯ ಹುಡುಗಿಯರನ್ನು ಸೇಡಂಗೆ ಕರೆದುಕೊಂಡು ಹೋದ ದಿನ ನಡೆದದ್ದು ಇದು. ಇಷ್ಟು ಬರೆದು ಪೆನ್ನು ನಿಲ್ಲಿಸಿ, ಅದು ಕಳೆದ ವರ್ಷವೇ ತಾನೇ ಎಂದು ಹೆಂಡತಿಯನ್ನು ಕೇಳಿದೆ. ತಂಡದ ನಾಯಕಿ ಅಂಜಮ್ಮ ಹತ್ತನೇ ತರಗತಿಯಲ್ಲಿದ್ದ ವರ್ಷ, ಅಂದರೆ ಕಳೆದ ವರ್ಷವೇ ಎಂದಳು. "ನಮ್ಮ ಲಗ್ನ ಯಾವ ವರ್ಷ ಆಯ್ತು ಅನ್ನೂದರ ಖಾತ್ರಿ ಅದನೋ ಇಲ್ಲೋ ನಿಮಗ" ಎಂದೂ ಸೇರಿಸಿದಳು. ಹಾಗಾಗಿ ಕಳೆದ ವರ್ಷವೇ ಎಂದು ಇಟ್ಟುಕೊಂಡು ಮುಂದೆ ಬರೆಯುತ್ತೇನೆ.

ನಾನು ವಾಡಿಯವನು. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿ, ಈಗ ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಕಡೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಪುರಾವೆ ಇಲ್ಲದೆ ಏನನ್ನೂ ನಂಬದವನು ಎಂದು ಸಹೋದ್ಯೋಗಿಗಳ ನಡುವೆ ನನಗೆ ಹೆಸರು. ಕೂತಲ್ಲಿ ಕೂಡುವವನಲ್ಲ ಎಂಬ ಹೆಸರೂ ಇದೆ. ಬಹುಶಃ ಅದಕ್ಕೇ, ದೈಹಿಕ ಶಿಕ್ಷಕರು ವರ್ಗವಾಗಿ ಹೋದಾಗ ಮುಖ್ಯ ಗುರುಗಳು ಅವರ ಸೀಟಿಯನ್ನು ನನ್ನ ಕೈಗೆ ಕೊಟ್ಟರು. ಕಬಡ್ಡಿಯಲ್ಲಿ ನಾನು ಹುಡುಗಿಯರಿಗೆ ಕಲಿಸಿದ್ದು ಏನೂ ಇಲ್ಲ. ಕಾಡಂಚಿನ ಹಳ್ಳಿ ತಾಂಡಾಗಳ ಮಕ್ಕಳು, ಓಟ ಹುಟ್ಟಿನಿಂದಲೇ ಬಂದದ್ದು. ನಾಯಕಿ ಅಂಜಮ್ಮ ಒಬ್ಬಳೇ ಎದುರಾಳಿಗಳ ಅರ್ಧ ತಂಡವನ್ನು ಎಳೆದುಕೊಂಡು ಗೆರೆ ಮುಟ್ಟುವಂಥವಳು. ಚಿಂಚೋಳಿಯ ತಾಲ್ಲೂಕು ಪಂದ್ಯದಲ್ಲಿ ಇವರು ಗೆದ್ದಾಗ ಎಲ್ಲರಿಗಿಂತ ಹೆಚ್ಚು ಆಶ್ಚರ್ಯಪಟ್ಟವನು ನಾನೇ.

ಜಿಲ್ಲಾ ಪಂದ್ಯದ ನಿಯಮ ಮಾತ್ರ ಕಟ್ಟುನಿಟ್ಟು. ಬೆಳಿಗ್ಗೆ ಚೀಟಿ ಎತ್ತುವ ಹೊತ್ತಿಗೆ ತಂಡ ಮೈದಾನದಲ್ಲಿ ಹಾಜರಿರಬೇಕು, ಇಲ್ಲವಾದರೆ ಆಡದೆಯೇ ಹೊರಗೆ. ಶಾಲೆಯ ಊರಿನಿಂದ ಮೊದಲ ಬಸ್ಸು ಹಿಡಿದರೆ ಆ ಹೊತ್ತಿಗೆ ಸೇಡಂ ಮುಟ್ಟುವುದು ಸಾಧ್ಯವಿರಲಿಲ್ಲ. ಹತ್ತನೇ ತರಗತಿಯವರೇ ಹೆಚ್ಚಿದ್ದ ತಂಡ ಅದು. ಅವರಿಗೆ ಮುಂದಿನ ವರ್ಷ ಎಂಬುದಿರಲಿಲ್ಲ. ಅದಕ್ಕೆ ನಾನು ವಾಡಿಯ ಮಹಿಬೂಬನಿಗೆ ಫೋನ್ ಮಾಡಿದೆ.

ಮಹಿಬೂಬ ನನ್ನ ಬಾಲ್ಯದ ಗೆಳೆಯ, ಪಕ್ಕದ ಓಣಿಯವನು. ಅವನ ಹತ್ತಿರ ಒಂದು ಹಳೆಯ ಡೀಸೆಲ್ ಗಾಡಿ ಇದೆ. ಮೂರು ಸಾಲು ಸೀಟಿನದು, ಯಾರೋ ಓಡಿಸಿ ಸಾಕಾಗಿ ಮಾರಿದ್ದು. ಹಳೆಯದಾದರೂ ಇಂಜಿನ್ನಿಗೆ ಸಣ್ಣ ಕಂಪ್ಯೂಟರ್ ಕೂಡಿಸಿದ ಕಾಲದ್ದು. ಶಹಾಬಾದ್ ವಾಡಿ ನಡುವಿನ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಗಳಿಗೆ ಸೂಪರ್‌ವೈಸರುಗಳನ್ನು ಕರೆದೊಯ್ಯುವುದು ಅವನ ಕೆಲಸ. ಕರೆದ ಕೂಡಲೇ ಬರುತ್ತೇನೆಂದ. ಹಿಂದಿನ ದಿನ ಸಂಜೆ ಬಂದಿಳಿದಾಗ ಅವನ ಮುಖ ಮಾತ್ರ ಸಪ್ಪಗಿತ್ತು.

"ಗಾಡಿ ಮುದುಕ ಆಗ್ಯಾದ ಮಾಸ್ತರ್. ಏರು ಕಂಡ್ರ ಕುಂದರ್ತದ" ಎಂದ.

ಆ ರೋಗ ನನಗೆ ಗೊತ್ತಿದ್ದದ್ದೇ. ದಸರೆ ರಜೆಯಲ್ಲಿ ನಾವಿಬ್ಬರೂ ಅದೇ ಗಾಡಿಯಲ್ಲಿ ಚಿತ್ತಾಪುರಕ್ಕೆ ಹೋಗಿದ್ದೆವು. ದಾರಿಯ ಬಂಕಿನಲ್ಲಿ ಡೀಸೆಲ್ ಹಾಕಿಸಿದೆವು. ವಾಪಸ್ಸು ಬರುವಾಗ ಗಾಡಿ ತೆವಳಿತು, ಕಲ್ಲು ತುಂಬಿದ ಲಾರಿಯೊಂದು ನಮ್ಮನ್ನು ದಾಟಿ ಹೋಯಿತು. ಆ ಲಾರಿ ಚಾಲಕನ ಹೆಗಲ ಮೇಲಿದ್ದ ಕೆಂಪು ಟವೆಲು ಕೂಡ ನನ್ನ ಕಣ್ಣಿಗೆ ಕಟ್ಟಿದಂತಿತ್ತು. ಹಾಗಾಗಿ ದೋಷ ಡೀಸೆಲ್ಲಿನದೇ ಎಂದು ಮಹಿಬೂಬನಿಗೆ ಖಡಾಖಂಡಿತವಾಗಿ ಹೇಳಿದ್ದೆ. ಅವನು ವಾಡಿಯ ಮೆಕ್ಯಾನಿಕ್ ಹತ್ತಿರ ಟ್ಯಾಂಕ್ ತೊಳೆಸಿದ್ದ, ಡೀಸೆಲ್ ಫಿಲ್ಟರ್ ಬದಲಿಸಿದ್ದ. ಯಾವುದರಿಂದಲೂ ಗುಣವಾಗಲಿಲ್ಲ. ಇಂಜಿನ್ನಿಗೇ ವಯಸ್ಸಾಗಿದೆ, ಬಿಚ್ಚಿಬಿಡೋಣ ಎಂದು ಮೆಕ್ಯಾನಿಕ್ ಕೊನೆಗೆ ಹೇಳಿದ್ದನಂತೆ. ಪಂದ್ಯ ಮುಗಿಸಿ ಹೋದ ಮೇಲೆ ಬಿಚ್ಚುವುದು ಎಂದು ಮಹಿಬೂಬ ತೀರ್ಮಾನಿಸಿಕೊಂಡೇ ಬಂದಿದ್ದ.

ಮರುದಿನ ನಸುಕಿನಲ್ಲಿ ಹೊರಟೆವು. ಹುಡುಗಿಯರು ಒಬ್ಬರ ತೊಡೆಯ ಮೇಲೊಬ್ಬರು ಕೂತಿದ್ದರು. ತೆಲುಗು, ಕನ್ನಡ, ಲಂಬಾಣಿ ಮೂರೂ ಭಾಷೆಯ ಹರಟೆ ಒಟ್ಟಿಗೆ ನಡೆದಿತ್ತು. ಸಮತಟ್ಟಿನಲ್ಲಿ ಗಾಡಿ ಹೇಗೋ ಹೋಯಿತು. ಕಾಡಿನ ದಾರಿಯಲ್ಲಿ ಮೊದಲ ದೊಡ್ಡ ಏರು ಬಂದಾಗ ಮೂರನೇ ಗೇರಿನಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಇಳಿಯಿತು. ಅರ್ಧ ಏರಿನಲ್ಲಿ ನಿಂತೇಬಿಟ್ಟಿತು. ಮಹಿಬೂಬ ಕೈಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಲು ಹೇಳಿದ. ಎಲ್ಲರೂ ಇಳಿದರು.

ಖಾಲಿ ಗಾಡಿ ಹತ್ತಬಹುದು ಎಂದುಕೊಂಡೆವು. ಹತ್ತಿತು, ಆದರೆ ಎಮ್ಮೆ ನಡೆದಂತೆ. ಹುಡುಗಿಯರು ಅದರ ಪಕ್ಕದಲ್ಲಿ ಕೈಬೀಸಿಕೊಂಡು ನಡೆಯುತ್ತ, ನೂಕಬೇಕೋ ಹೊತ್ತುಕೊಳ್ಳಬೇಕೋ ಎಂದು ಮಹಿಬೂಬನನ್ನು ಕಾಡಿಸುತ್ತಿದ್ದರು. ಮುಂದೆ ಇಂಥ ಏರು ಇನ್ನೂ ಇದ್ದವು. ಫೋನಿಗೆ ಸಿಗ್ನಲ್ ಇರಲಿಲ್ಲ. ಬೇರೆ ಗಾಡಿ ಕರೆಯಲು ಹಿಂದಕ್ಕೆ ಹೋದರೂ, ಇದರಲ್ಲೇ ಹೀಗೆ ಮುಂದಕ್ಕೆ ಹೋದರೂ ಪಂದ್ಯ ಕೈಬಿಟ್ಟಂತೆಯೇ. ಅಂಜಮ್ಮ ಮಾತ್ರ ನಗುತ್ತಿರಲಿಲ್ಲ. ನನ್ನ ಪಕ್ಕ ಬಂದು ಮೆಲ್ಲಗೆ ಕೇಳಿದಳು: "ಸರ್, ನಾವು ಹಿಂದ ಹೋಗ್ತೀವೇನ್ರಿ?"

ಅಷ್ಟರಲ್ಲಿ ಹಿಂದೆ ನಡೆಯುತ್ತಿದ್ದ ಸುನೀತಾ ಎಂಬ ತಾಂಡಾದ ಹುಡುಗಿ, ಮೂಗಿಗೆ ಹಿಡಿದಿದ್ದ ದುಪಟ್ಟಾ ಕೆಳಗಿಳಿಸಿ, "ಮುಚ್ಕೊಂಡಿದ್ದೇ ದಂಡ. ಈ ಗಾಡಿ ಹೊಗಿನೂ ಬಿಡವಲ್ದು" ಎಂದಳು.

ಗೆಳತಿಯರು ನಕ್ಕರು. ನಾನು ಗಕ್ಕನೆ ನಿಂತೆ. ಹೊಗೆ ಇಲ್ಲ. ಮಹಿಬೂಬನಿಗೆ ನಿಲ್ಲಿಸಲು ಹೇಳಿ, ಹಿಂದೆ ಹೋಗಿ, ಆಕ್ಸಿಲರೇಟರನ್ನು ಜೋರಾಗಿ ಒತ್ತಿಸಿದೆ. ಹೊಗೆಕೊಳವೆಯ ಬಾಯಿ ಸ್ವಚ್ಛವಾಗಿತ್ತು. ಡೀಸೆಲ್ ಗಾಡಿಗೆ ಗಾಳಿ ಸಾಲದಿದ್ದರೆ ಕಪ್ಪು ಹೊಗೆ ಬರಬೇಕು. ಬರುತ್ತಿಲ್ಲ ಎಂದರೆ ಇಂಜಿನ್ನಿಗೆ ಡೀಸೆಲ್ಲೇ ಕಡಿಮೆ ಬೀಳುತ್ತಿದೆ. ಇಂಜಿನ್ ಸವೆದಿದ್ದರೆ ಈ ಚಳಿಯಲ್ಲಿ ಬೆಳಿಗ್ಗೆ ಚಾಲೂ ಆಗಲು ಸತಾಯಿಸಬೇಕಿತ್ತು, ಒಂದೇ ಸಲಕ್ಕೆ ಚಾಲೂ ಆಗಿತ್ತು. ಡೀಸೆಲ್ಲಿನ ದಾರಿಯೆಲ್ಲ ಸ್ವಚ್ಛ ಮಾಡಿಸಿ ಆಗಿದೆ. ಹಾಗಾದರೆ ಕಡಿಮೆ ಡೀಸೆಲ್ ಕೊಡುತ್ತಿರುವವರು ಯಾರು? ನನ್ನ ಮೈ ಬಿಸಿಯಾಗತೊಡಗಿತು. ಪರೀಕ್ಷೆಯಲ್ಲಿ ಕಷ್ಟದ ಲೆಕ್ಕದ ಮೊದಲ ಸಾಲು ಹೊಳೆದಾಗ ಆಗುತ್ತದಲ್ಲ, ಹಾಗೆ.

"ನೆನಪು ಮಾಡ್ಕೋ ಮಹಿಬೂಬ. ಚಿತ್ತಾಪುರದಿಂದ ಬರುವಾಗ ತಾನೇ ಶುರುವಾದದ್ದು?" ಎಂದೆ.

ಅವನು ಸ್ಟಿಯರಿಂಗ್ ಮೇಲೆ ಗದ್ದ ಊರಿ ನನ್ನನ್ನು ನೋಡಿದ. "ಖರೇ ಹೇಳ್ಲಿ? ಅವತ್ತು ಗಾಡಿ ಗುಂಡಿನಂಗ ಓಡ್ಯಾದ. ಮೆಲ್ಲಕ ಹೊಡಿ ಅಂತ ನೀನೇ ನನ್ನ ತೊಡಿಗಿ ಬಡೀಲಿಕತ್ತಿದ್ದಿ. ಆ ಲಾರಿ ನಮ್ಮನ್ನ ದಾಟಿದ್ದು ಶಹಾಬಾದ್ ರೋಡಿನಾಗ, ಮುಂದಿನ ವಾರ."

"ಮತ್ತೆ ಡೀಸೆಲ್ ಎಂದು ನಾನು ಹೇಳಿದಾಗ ಯಾಕೆ ಸುಮ್ಮನಿದ್ದೆ?"

"ನೀ ಅಷ್ಟು ಖಾತ್ರಿಲಿಂದ ಹೇಳ್ಲಿಕತ್ತಿದ್ದಿ. ನನಗೇ ಮರ್ತದೇನೋ ಅಂದ್ಕೊಂಡೆ."

ಕೆಂಪು ಟವೆಲು ನನ್ನ ಕಣ್ಣ ಮುಂದೆ ಹಾಗೇ ಇತ್ತು. ಆದರೆ ಅದರ ಹಿಂದಿನ ರಸ್ತೆ ಯಾವುದು? ಚಿತ್ತಾಪುರದ್ದೇ, ಶಹಾಬಾದಿನದೇ? ಎಷ್ಟು ಒದ್ದಾಡಿದರೂ ಟವೆಲು ಕಂಡಿತೇ ಹೊರತು ರಸ್ತೆ ಕಾಣಲಿಲ್ಲ. ಅವನ ನೆನಪು ಸರಿ ಎನ್ನುವುದಕ್ಕೂ ಪುರಾವೆ ಇರಲಿಲ್ಲ ಅನ್ನಿ. ಆದರೂ ಒಂದು ಕ್ಷಣ ಅವನದೇ ಸರಿ ಎಂದು ಹಿಡಿದು ಕೇಳಿದೆ: ಚಿತ್ತಾಪುರಕ್ಕೆ ಹೋದದ್ದಕ್ಕೂ ಶಹಾಬಾದಿಗೆ ಹೋದದ್ದಕ್ಕೂ ನಡುವೆ ಗಾಡಿಗೆ ಏನು ಮಾಡಿದೆ?

ಏನೂ ಮಾಡಿಲ್ಲ ಎಂದ. ಚೆನ್ನಾಗಿ ಜೋಪಾನ ಮಾಡಿದ್ದೇನೆ ಎಂದ. ಆ ವಾರದಿಂದ ಗಣಿಯ ಒಳಗೇ ಗಾಡಿ ಇಳಿಸಬೇಕಾಗಿ ಬಂದಿತ್ತಂತೆ. ನಮ್ಮ ಕಡೆಯ ಫರಸಿ ಗಣಿಯ ಧೂಳು ಎಂಥದೆಂದು ಕಂಡವರಿಗೇ ಗೊತ್ತು. ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪು, ಎಲ್ಲಿ ಬೇಕಾದರೂ ನುಸುಳುತ್ತದೆ. ಅಲ್ಲಿಯ ಟ್ರ್ಯಾಕ್ಟರ್ ಮತ್ತು ಲಾರಿಯವರದು ಒಂದು ಹಳೆಯ ರೂಢಿ ಇದೆ. ಹಳೆಯ ಧೋತರದ ತುಂಡನ್ನು ಇಂಜಿನ್ ಆಯಿಲ್‌ನಲ್ಲಿ ಅದ್ದಿ ಏರ್ ಫಿಲ್ಟರಿಗೆ ಸುತ್ತುತ್ತಾರೆ. ಧೂಳು ಎಣ್ಣೆಗೆ ಅಂಟಿಕೊಳ್ಳುತ್ತದೆ, ಇಂಜಿನ್ ಉಳಿಯುತ್ತದೆ. ಮಹಿಬೂಬನ ತಂದೆಯೂ ಟ್ರ್ಯಾಕ್ಟರಿಗೆ ಹಾಗೇ ಮಾಡುತ್ತಿದ್ದರು.

"ಅಬ್ಬಾ ಮಾಡ್ದಂಗ ನಾನೂ ಆವಾಗಿಂದ ಬಟ್ಟಿ ಸುತ್ತೀನಿ. ವಾರಕ್ಕೊಮ್ಮೆ ಹೊಸಾ ಎಣ್ಣಿನೂ ಹಾಕ್ತೀನಿ" ಎಂದ, ಹೆಮ್ಮೆಯಿಂದಲೇ.

ಬಾನೆಟ್ ಎತ್ತಿಸಿದೆ. ಫಿಲ್ಟರಿನ ಡಬ್ಬಿ ಬಿಚ್ಚಿದಾಗ ಎಣ್ಣೆ ಕುಡಿದು ಕಪ್ಪಾದ ಬಟ್ಟೆ ಕಂಡಿತು. ಅದನ್ನು ತೆಗೆದು ಬರಿ ಫಿಲ್ಟರ್ ಕೂಡಿಸಿ ಗಾಡಿ ಓಡಿಸಿ ನೋಡಿದೆವು. ಅದೇ ಎಮ್ಮೆ ನಡಿಗೆ. ಹುಡುಗಿಯರ ಗದ್ದಲ ತಗ್ಗಿತು. ಆದರೆ ನನ್ನ ಉತ್ಸಾಹ ತಗ್ಗಲಿಲ್ಲ, ಏಕೆಂದರೆ ಡಬ್ಬಿಯಿಂದ ಇಂಜಿನ್ನಿಗೆ ಹೋಗುವ ಕೊಳವೆಯೊಳಗೆ ಬೆರಳಾಡಿಸಿದಾಗ ಬೆರಳಿಗೆ ಬೂದು ಬಣ್ಣದ ಜಿಡ್ಡು ಹತ್ತಿತ್ತು. ಆ ಕೊಳವೆಯ ಮೇಲೆ, ವೈರ್ ಸಿಕ್ಕಿಸಿದ ಒಂದು ಕಪ್ಪು ತುಂಡು ಕೂತಿತ್ತು. ಏರ್‌ಫ್ಲೋ ಸೆನ್ಸರ್, ಅಂದರೆ ಇಂಜಿನ್ನಿಗೆ ಎಷ್ಟು ಗಾಳಿ ಹೋಗುತ್ತಿದೆ ಎಂದು ಅಳೆದು ಕಂಪ್ಯೂಟರಿಗೆ ಹೇಳುವ ಉಪಕರಣ.

ಅದರೊಳಗೆ ಏನಿರುತ್ತದೆ ಎಂಬುದು ನನಗೆ ಗೊತ್ತಿತ್ತು. ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಬಿಸಿ ತಂತಿಯಿಂದ ಗಾಳಿಯ ವೇಗ ಅಳೆಯುವ ಪ್ರಯೋಗ ಮಾಡಿದ್ದೆ, ಅಥವಾ ಗೆಳೆಯ ಮಾಡುವಾಗ ಪಕ್ಕದಲ್ಲಿ ನಿಂತಿದ್ದೆ. ಎರಡರಲ್ಲಿ ಯಾವುದೆಂದು ಆಣೆ ಮಾಡಿ ಹೇಳಲಾರೆ. ತತ್ವ ಮಾತ್ರ ಸರಳ. ಬಿಸಿ ಮಾಡಿದ ತಂತಿಗೆ ಗಾಳಿ ಬಡಿದಷ್ಟೂ ಅದು ತಣಿಯುತ್ತದೆ, ಮತ್ತೆ ಬಿಸಿ ಮಾಡಲು ಹೆಚ್ಚು ವಿದ್ಯುತ್ ಬೇಕಾಗುತ್ತದೆ, ಆ ವಿದ್ಯುತ್ತೇ ಗಾಳಿಯ ಅಳತೆ. ಹಳೆಯ ಟ್ರ್ಯಾಕ್ಟರಿನಲ್ಲಿ ಈ ಸೆನ್ಸರ್ ಇರಲಿಲ್ಲ, ಹಾಗಾಗಿ ಎಣ್ಣೆಬಟ್ಟೆಯಿಂದ ಅದಕ್ಕೆ ಒಳ್ಳೆಯದೇ ಆಗುತ್ತಿತ್ತು. ಇಲ್ಲಿ ಎಣ್ಣೆಯ ಹನಿಗಳು ಗಾಳಿಯೊಂದಿಗೆ ಹಾರಿ ಸೆನ್ಸರಿಗೆ ಅಂಟಿ, ಅದರ ಮೇಲೆ ಫರಸಿ ಪುಡಿ ಕೂತಿದೆ. ಕಂಬಳಿ ಹೊದ್ದು ಮಲಗಿದವನಿಗೆ ಗಾಳಿ ಬೀಸಿದ್ದು ಎಲ್ಲಿ ಗೊತ್ತಾಗುತ್ತದೆ? ಗಾಳಿ ಕಡಿಮೆ ಇದೆ ಎಂದು ಸೆನ್ಸರ್ ಸುಳ್ಳು ಹೇಳುತ್ತಿದೆ, ಕಂಪ್ಯೂಟರ್ ಅದನ್ನು ನಂಬಿ ಡೀಸೆಲ್ ಕಡಿಮೆ ಕೊಡುತ್ತಿದೆ. ಹೊಗೆ ಇಲ್ಲದಿರುವುದಕ್ಕೆ ಅರ್ಥ ಸಿಕ್ಕಿತು.

ಇದೆಲ್ಲ ಊಹೆ. ಚಿತ್ತಾಪುರದ ಡೀಸೆಲ್ ಕೂಡ ಊಹೆಯೇ ಆಗಿತ್ತು, ಮತ್ತು ಅದರ ಬಗ್ಗೆಯೂ ನನಗೆ ಇಷ್ಟೇ ಖಾತ್ರಿ ಇತ್ತು. ಆದರೆ ಈ ಊಹೆಯನ್ನು ಅಲ್ಲೇ ಪರೀಕ್ಷಿಸಬಹುದಿತ್ತು. ಸೆನ್ಸರಿನ ವೈರ್ ಕಿತ್ತುಹಾಕಿದರೆ ಕಂಪ್ಯೂಟರಿಗೆ ಯಾವ ಸುದ್ದಿಯೂ ಸಿಗುವುದಿಲ್ಲ, ಆಗ ಅದು ತನ್ನಲ್ಲೇ ಇಟ್ಟುಕೊಂಡ ಒಂದು ಅಂದಾಜಿನ ಮೇಲೆ ಇಂಜಿನ್ ನಡೆಸುತ್ತದೆ. ಸುಳ್ಳು ಸುದ್ದಿಗಿಂತ ಸುದ್ದಿ ಇಲ್ಲದಿರುವುದೇ ವಾಸಿ.

ಗಾಡಿಯನ್ನು ಏರಿನ ಬುಡಕ್ಕೆ ಮೆಲ್ಲಗೆ ಹಿಂದಕ್ಕೆ ತರಿಸಿದೆ. ಏರೂ ಅದೇ, ಖಾಲಿ ಗಾಡಿಯೂ ಅದೇ, ಬದಲಾಗುವುದು ಒಂದೇ ಆಗಿರಬೇಕು. ಇಂಜಿನ್ ಆರಿಸಿದೆವು. ವೈರಿನ ತುದಿಯ ಪ್ಲಗ್ಗಿಗೆ ಒಂದು ಸಣ್ಣ ಕ್ಲಿಪ್ಪು ಇತ್ತು. ಅದನ್ನು ಒತ್ತಿ ಪ್ಲಗ್ ಎಳೆದೆ.

ಮಹಿಬೂಬ ಚಾಲೂ ಮಾಡಿದ. ಡ್ಯಾಶ್‌ಬೋರ್ಡಿನ ಮೇಲೆ ಹಳದಿ ದೀಪ ಹತ್ತಿತು. "ಮಾಸ್ತರ್, ದೀಪ ಹತ್ತ್ಯಾದ. ಏನೋ ಕೆಡಿಸಿದಿ ನೋಡು" ಎಂದ. ಬಿಡು ಮುಂದೆ ಎಂದೆ. ಗೇರ್ ಹಾಕಿ ಕಾಲೊತ್ತಿದ.

ಗಾಡಿ ನೆಗೆಯಿತು. ಬೇರೆ ಪದ ನನಗೆ ಸಿಗುತ್ತಿಲ್ಲ. ಇಂಜಿನ್ನಿನ ದನಿಯೇ ಬದಲಾಗಿ, ಕಾಡಿಗೆಲ್ಲ ಕೇಳುವಂತೆ ಗರ್ಜಿಸಿ, ನಮ್ಮ ಮುಖಕ್ಕೆ ಮಣ್ಣು ಹಾರಿಸಿ ಏರು ಹತ್ತಿತು. ಎರಡನೇ ಗೇರ್, ಮೂರನೇ ಗೇರ್. ಮಹಿಬೂಬ ನಿಲ್ಲಿಸಲೇ ಇಲ್ಲ. ನಿಲ್ಲಿಸಿದರೆ ಬಂದ ಶಕ್ತಿ ಹೋಗಿಬಿಡುತ್ತದೋ ಎಂದು ಹೆದರಿದ್ದೆ ಎಂದು ಆಮೇಲೆ ಹೇಳಿದ. ಹುಡುಗಿಯರು ಕಿರುಚುತ್ತ ಅದರ ಹಿಂದೆ ಓಡಿದರು. ನಾನೂ ಓಡಿದೆ, ಕೊರಳಲ್ಲಿ ಸೀಟಿ ಕುಣಿಯುತ್ತಿತ್ತು. ಏರಿನ ತುದಿ ಮುಟ್ಟಿದಾಗ ಎದೆ ಒಡೆಯುವಷ್ಟು ಏದುಸಿರು. ನಗು ಮಾತ್ರ ನಿಲ್ಲುತ್ತಿರಲಿಲ್ಲ.

ಅಲ್ಲಿ ನನ್ನ ಹಳೆಯ ಚಾಳಿ ತಲೆ ಎತ್ತಿತು. ಇದು ಕಾಕತಾಳೀಯವೂ ಆಗಿರಬಹುದಲ್ಲ? ಪ್ಲಗ್ ಮತ್ತೆ ಹಾಕಿ, ಗಾಡಿ ಮತ್ತೆ ಸೊರಗುತ್ತದೋ ಎಂದು ನೋಡಿದರೆ ಮಾತ್ರ ಸಾಬೀತಾದಂತೆ. ಒಮ್ಮೆ ಕೆಳಗಿಳಿದು ನೋಡಿಬಿಡೋಣವೇ ಎಂದೆ. ಮಹಿಬೂಬ ಎರಡೂ ಕೈಯಿಂದ ತಲೆ ಹಿಡಿದುಕೊಂಡ. ಅಂಜಮ್ಮ ಹಿಂದಿನ ಬಾಗಿಲು ತೆಗೆದು, ಗೆಳತಿಯರನ್ನು ಒಳಗೆ ತುಂಬುತ್ತಲೇ ಹೇಳಿದಳು: "ಸರ್, ಅದನ್ನ ಸೇಡಂನಾಗ ನೋಡ್ರಿ. ಈಗ ಹತ್ರಿ."

ಹತ್ತಿದೆ. ಮುಂದಿನ ಪ್ರತಿ ಏರಿನಲ್ಲೂ ಗಾಡಿಯೊಳಗೆ ಎಲ್ಲರೂ ಉಸಿರು ಬಿಗಿಹಿಡಿದು ಕೂರುತ್ತಿದ್ದರು, ಕಬಡ್ಡಿಯಲ್ಲಿ ತಮ್ಮವಳೊಬ್ಬಳು ದಾಳಿಗೆ ಹೋದಾಗ ಕೂತಂತೆ. ಹತ್ತಿ ಇಳಿದ ಕೂಡಲೇ ಕೇಕೆ. ಮಹಿಬೂಬನಂತೂ ಗಾಡಿಯನ್ನು ಗದರಿಸುತ್ತ, ಮುದ್ದಿಸುತ್ತ, ಬಿಟ್ಟೂಬಿಡದೆ ಮಾತಾಡಿಸುತ್ತ ಓಡಿಸಿದ. ಚಿಂಚೋಳಿ ದಾಟಿದ ಮೇಲೆ ಸಿಗ್ನಲ್ ಬಂತು. ದಾರಿಯಲ್ಲಿದ್ದೇವೆ ಎಂದು ಸಂಘಟಕರಿಗೆ ತಿಳಿಸಿದೆ. ಚೀಟಿ ಎತ್ತುವುದು ಇನ್ನೇನು ಶುರುವಾಗುತ್ತದೆ, ಯಾರಿಗಾಗಿಯೂ ಕಾಯುವಂತಿಲ್ಲ ಎಂದರು. ಅಂಜಮ್ಮನಿಗೆ ಇದನ್ನು ಹೇಳಲಿಲ್ಲ. ಅವಳು ನನ್ನ ಮುಖ ನೋಡಿಯೇ ತಿಳಿದುಕೊಂಡು, ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳತೊಡಗಿದಳು. ಅವಳನ್ನು ನೋಡಿ ಉಳಿದವರೂ ಕಟ್ಟಿಕೊಂಡರು.

ಸೇಡಂನ ಮೈದಾನದ ಗೇಟಿನಲ್ಲಿ ಗಾಡಿ ಪೂರ್ತಿ ನಿಲ್ಲುವ ಮುನ್ನವೇ ಅವರು ಜಿಗಿದು ಓಡಿದರು. ಮೇಜಿನ ಹತ್ತಿರ ನಮ್ಮ ಶಾಲೆಯ ಹೆಸರು ಕೂಗುತ್ತಿದ್ದದ್ದು ಗೇಟಿಗೇ ಕೇಳಿಸಿತು. ಅಂಜಮ್ಮ ಅಲ್ಲಿಂದಲೇ ಕೈಯೆತ್ತಿ "ಬಂದೀವ್ರಿ" ಎಂದು ಕೂಗಿದಳು. ಮೇಜಿನ ಹಿಂದಿದ್ದವರು ಕನ್ನಡಕದ ಮೇಲಿಂದ ನೋಡಿ, ಎಣ್ಣೆ ಮಣ್ಣು ಮೆತ್ತಿದ ನನ್ನ ಅಂಗಿಯನ್ನೂ ನೋಡಿ, ನೀವು ಆಡಲು ಬಂದಿರೋ ಗ್ಯಾರೇಜಿನಿಂದ ಬಂದಿರೋ ಎಂದು ಕೇಳಿದರು. ಚೀಟಿಯ ಡಬ್ಬಿ ಮಾತ್ರ ಇನ್ನೂ ತೆರೆದಿರಲಿಲ್ಲ.

ಮೊದಲ ಪಂದ್ಯ ಗೆದ್ದರು. ಎರಡನೆಯದನ್ನೂ ಗೆದ್ದರು. ಸೆಮಿಫೈನಲ್‌ನಲ್ಲಿ ಕಲಬುರಗಿ ಕಡೆಯ ಎತ್ತರದ ಹುಡುಗಿಯರ ಎದುರು ಕೊನೆಯ ದಾಳಿಯವರೆಗೂ ಸಮಸಮ ಇದ್ದು, ಸ್ವಲ್ಪದರಲ್ಲಿ ಸೋತರು. ಅಂಜಮ್ಮ ಗೆರೆಗೆ ಒಂದು ಬೆರಳು ದೂರದಲ್ಲಿ ಸಿಕ್ಕಿಬಿದ್ದಿದ್ದಳು. ಎಬ್ಬಿಸಲು ಹತ್ತಿರ ಹೋದೆ. ಅವಳೇ ಎದ್ದು, ಮೊಣಕಾಲಿನ ಮಣ್ಣು ಕೊಡವಿಕೊಂಡು, "ಆಡಿ ಸೋತೀವಲ್ರಿ ಸರ್" ಎಂದಳು. ಆಮೇಲೆ, "ನಿಮ್ಮ ಪ್ಲಗ್ ಹಾಕಿ ನೋಡ್ಬೇಕಿತ್ತಲ್ರಿ, ಬರ್ರಿ" ಎಂದು ಗೇಟಿನ ಕಡೆ ಹೊರಟಳು.

ಮೈದಾನದ ಹಿಂದೆ ಸಣ್ಣ ಏರಿನ ರಸ್ತೆ ಇತ್ತು. ಪ್ಲಗ್ ಹಾಕಿದೆವು. ಮಹಿಬೂಬ ಕಾಲೊತ್ತಿದರೆ ಗಾಡಿ ಮತ್ತೆ ಎಮ್ಮೆಯಾಯಿತು. ನಮ್ಮ ಇಡೀ ತಂಡ ಚಪ್ಪಾಳೆ ಹೊಡೆಯಿತು. ಸೋತು ಬಂದವರು ಇನ್ನೊಂದು ಸೋಲಿಗೆ ಹೀಗೆ ಕುಣಿದದ್ದನ್ನು ಕಂಡು, ಬಸ್ಸಿಗೆ ಕಾಯುತ್ತಿದ್ದ ಬೇರೆ ಶಾಲೆಯವರು ಬೆರಗಾದರು. ಪ್ಲಗ್ ಮತ್ತೆ ಕಿತ್ತು ಊರಿಗೆ ಹೊರಟೆವು. ಮುಂದೆ ವಾಡಿಯ ಮೆಕ್ಯಾನಿಕ್ ಸೆನ್ಸರನ್ನು ಬಿಚ್ಚಿ, ವಿದ್ಯುತ್ ಉಪಕರಣ ತೊಳೆಯುವ ಸ್ಪ್ರೇಯಿಂದ ಜೋಪಾನವಾಗಿ ಸ್ವಚ್ಛ ಮಾಡಿ ಕೂಡಿಸಿದ. ಇಂಜಿನ್ ಬಿಚ್ಚುವ ಮಾತು ಮತ್ತೆ ಬರಲಿಲ್ಲ. ಮಹಿಬೂಬ ಈಗ ಎಣ್ಣೆಬಟ್ಟೆ ಬಿಟ್ಟು, ಗಣಿಗೆ ಹೋಗಿ ಬಂದಾಗಲೆಲ್ಲ ಫಿಲ್ಟರ್ ಬಿಚ್ಚಿ ಗಾಳಿ ಹೊಡೆಸುತ್ತಾನೆ.

ಈ ಕತೆಯನ್ನು ನಾವು ಸೇರಿದಾಗಲೆಲ್ಲ ಹೇಳುತ್ತೇವೆ, ಪ್ರತಿ ಸಲವೂ ಜಗಳ. ಪ್ಲಗ್ ಎಳೆದವನು ನಾನು ಎಂದು ನಾನು ಮೇಲೆ ಬರೆದಿದ್ದೇನೆ. ತಾನೇ ಎಳೆದೆ ಎಂದು ಮಹಿಬೂಬ ಹೇಳುತ್ತಾನೆ. ನಮ್ಮಿಬ್ಬರ ದಪ್ಪ ಬೆರಳು ಆ ಸಂದಿಯಲ್ಲಿ ಹೋಗಲೇ ಇಲ್ಲ, ಕ್ಲಿಪ್ಪು ಒತ್ತಿದ್ದು ತಾನು ಎಂದು ಅಂಜಮ್ಮ ಹೇಳುತ್ತಾಳೆ. ಈಗ ಅವಳು ಚಿಂಚೋಳಿಯಲ್ಲಿ ಪಿಯುಸಿ ಓದುತ್ತಾಳೆ, ಕಾಲೇಜು ತಂಡದಲ್ಲಿದ್ದಾಳೆ. ಮೂವರಲ್ಲಿ ಒಬ್ಬರದೇ ನಿಜವಿರಬೇಕು. ಅದು ನನ್ನದೇ ಎಂದು ವಾದಿಸುವ ಧೈರ್ಯ ನನಗೆ ಈಗಿಲ್ಲ. ಮೊದಲಾಗಿದ್ದರೆ ಈ ಅನುಮಾನ ನನ್ನ ನಿದ್ದೆ ಕೆಡಿಸುತ್ತಿತ್ತು. ಈಗ ಹಾಗಿಲ್ಲ. ಆ ಏರನ್ನು ಗಾಡಿಯ ಹಿಂದೆ ಎಲ್ಲರೂ ಓಡಿಕೊಂಡು ಹತ್ತಿದೆವು ಎಂಬ ಬಗ್ಗೆ ಇವತ್ತಿನವರೆಗೆ ಯಾರೂ ತಕರಾರು ಎತ್ತಿಲ್ಲ. ಇದನ್ನು ಬರೆಯುತ್ತಿರುವಾಗಲೂ ನನಗೆ ಸಣ್ಣಗೆ ಏದುಸಿರು ಬರುತ್ತಿದೆ.